ರಾಜಿ ಕಾಗದಕ್ಕೆ ಸಹಿ ಹಾಕಬೇಡ

ಪ್ರೀತಿಯ ತಮ್ಮಾ,

ಆಪರೇಷನ್ ಆಯಿತು, ಮೊಣಕಾಲ ಕೆಳಗೆ ಪ್ಲೇಟು ಕೂರಿಸಿದ್ದಾರೆ, ಜ್ವರವೂ ಇಳಿದಿದೆ ಅಂತ ಅಮ್ಮ ಹೇಳಿದ ಮೇಲೆ ನನಗೆ ಹೋದ ಜೀವ ಬಂತು. ಆದರೆ ನಿನಗೆ ಗುದ್ದಿದ ಆ ಲಗೇಜ್ ಆಟೊ ಮಾಲೀಕ ವಾರ್ಡಿಗೇ ಬಂದು, ಐವತ್ತು ಸಾವಿರ ಕೊಡ್ತೀನಿ, ರಾಜಿ ಮಾಡಿಕೊಳ್ಳೋಣ ಅಂದನಂತೆ. ನೀನು "ಡ್ರೈವರ್ ಹುಡುಗ ಬಡವ, ಅವನ ಹೊಟ್ಟೆ ಮೇಲೆ ಯಾಕೆ ಹೊಡೆಯೋದು" ಅಂದೆಯಂತೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಹೂಂಗುಟ್ಟಿ ಸುಮ್ಮನಾಗುತ್ತೀಯ.

ನಿನ್ನ ಮನಸ್ಸು ದೊಡ್ಡದು ಕಣೋ. ಆದರೆ ಕ್ಲೇಮ್ ಕೇಸಿನಲ್ಲಿ ದುಡ್ಡು ಬರುವುದು ಆ ಹುಡುಗನ ಜೇಬಿನಿಂದಲ್ಲ. ರಸ್ತೆಗಿಳಿಯುವ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ನಿನ್ನಂತೆ ಪೆಟ್ಟು ತಿಂದವರಿಗಾಗಿ. ವಿಮೆ ಚಾಲ್ತಿಯಲ್ಲಿದ್ದರೆ ಕಂಪನಿ ಕೊಡುತ್ತದೆ. ಲೈಸೆನ್ಸಿನ ತಕರಾರಿದ್ದರೂ ಎಷ್ಟೋ ಕೇಸುಗಳಲ್ಲಿ, ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಅಂತ ಕೋರ್ಟು ಹೇಳಿದೆ. ವಿಮೆಯೇ ಇಲ್ಲದಿದ್ದರೆ ಮಾಲೀಕ ಕೈಯಿಂದ ಕಟ್ಟಬೇಕು. ಅವನ ಅವಸರ ನೋಡಿದರೆ ನನಗೆ ಅದೇ ಅನುಮಾನ. ಸ್ಟೇಷನ್ನಿನಿಂದ ಪಾಲಿಸಿ ಪ್ರತಿ ತೆಗೆಸಿ ನೋಡೋಣ.

ಈಗ ಲೆಕ್ಕ ಕೇಳು. ನಿನಗೆ 29 ವರ್ಷ, ತಿಂಗಳಿಗೆ ಸುಮಾರು 20,000 ದುಡಿಯುತ್ತೀಯ. ಸರಳಾ ವರ್ಮಾ ಕೇಸಿನಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಪಟ್ಟಿಯ ಪ್ರಕಾರ 26ರಿಂದ 30ರ ವಯಸ್ಸಿನವರಿಗೆ ಗುಣಕ 17. ವರ್ಷದ ಆದಾಯವನ್ನು 17ರಿಂದ ಗುಣಿಸಿದರೆ 40,80,000. ಇದರಲ್ಲಿ ನಿನ್ನ ದುಡಿಮೆ ಶೇಕಡಾ ಎಷ್ಟು ಕುಂದಿದೆಯೋ ಅಷ್ಟು ನಿನಗೆ ಸೇರಬೇಕು. ಜಗಳವೆಲ್ಲ ಆ ಶೇಕಡಾದಲ್ಲೇ. ಡಾಕ್ಟರು ಕಾಲಿಗೆ ಶೇ. 45 ಅಂತ ಬರೆದರು ಅನ್ನು. ನಮ್ಮ ಕೋರ್ಟುಗಳಲ್ಲಿ ಅದರ ಮೂರರಲ್ಲೊಂದು ಪಾಲು, ಅಂದರೆ ಶೇ. 15, ಇಡೀ ದೇಹಕ್ಕೆ ಅಂತ ಹಿಡಿಯುವುದು ರೂಢಿ. ಆಗ ಬರುವುದು 6,12,000.

ಆದರೆ ನೀನು ಮೇಜಿನ ಮುಂದೆ ಕೂತು ಕೆಲಸ ಮಾಡುವವನಲ್ಲ, ಏಣಿ ಹತ್ತಿ ವೈರಿಂಗ್ ಮಾಡುವವನು. ರಾಜ್‌ಕುಮಾರ್ ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ಎಡಗೈ ಹೋದ ಗುಮಾಸ್ತನ ನೌಕರಿ ಉಳಿಯಬಹುದು, ಅದೇ ಕೈ ಹೋದ ಬಡಗಿಯ ದುಡಿಮೆ ಪೂರ್ತಿ ನಿಂತೇಹೋಗಬಹುದು, ಆದ್ದರಿಂದ ಆ ಮನುಷ್ಯನ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅನ್ನುವುದನ್ನು ನೋಡಬೇಕು. ಮೊಣಕಾಲು ಮಡಿಸಲಾಗದೆ ಏಣಿ ಹತ್ತುವುದೇ ತಪ್ಪಿದರೆ ಶೇ. 40 ಅಂತ ವಾದಿಸಬಹುದು. ಆಗ ಮೊತ್ತ 16,32,000. ನೋವು, ಚಿಕಿತ್ಸೆ, ಮಲಗಿದ ತಿಂಗಳುಗಳ ಸಂಪಾದನೆ, ಮುಂದೆ ಪ್ಲೇಟು ತೆಗೆಸುವ ಖರ್ಚು ಇವೆಲ್ಲ ಬೇರೆ. ಇದರ ಮುಂದೆ ಐವತ್ತು ಸಾವಿರ ಯಾವ ಲೆಕ್ಕ, ನೀನೇ ಹೇಳು. ಮೂಳೆ ಕೂಡುವ ಮೊದಲೇ ರಾಜಿಯಾದರೆ, ಕಾಲು ಎಷ್ಟು ಮಡಚುತ್ತದೆ ಅನ್ನುವುದೇ ಗೊತ್ತಿಲ್ಲದೆ ಬೆಲೆ ಕಟ್ಟಿದಂತಾಗುತ್ತದೆ.

ನಿನ್ನನ್ನು ಸೇರಿಸಿದಾಗ ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಅಪಘಾತದಂಥ ಪೊಲೀಸ್ ಕೇಸುಗಳ ದಾಖಲೆಯಲ್ಲಿ, ಏನು ಬರೆದಿದ್ದಾರೆ ಅಂತ ಭಾವನಿಗೆ ಇವತ್ತೇ ನೋಡಲು ಹೇಳು. ಅವಸರದಲ್ಲಿ "ಬೈಕ್ ಸ್ಕಿಡ್ ಆಗಿ ಬಿದ್ದ" ಅಂತ ಬರೆದುಬಿಟ್ಟಿದ್ದರೆ ಕಂಪನಿ ವಕೀಲರು ಪಾಟೀಸವಾಲಿನಲ್ಲಿ ಆ ಒಂದು ಸಾಲನ್ನೇ ಹಿಡಿದು ಎಳೆಯುತ್ತಾರೆ. ಹಾಗೆ ಸೋತ ಕೇಸುಗಳನ್ನು ನಾನು ಇಲ್ಲಿನ ಕೋರ್ಟಿನಲ್ಲಿ ಕಣ್ಣಾರೆ ಕಂಡಿದ್ದೇನೆ, ಸಂಕಟವಾಗುತ್ತದೆ. ಎಫ್‌ಐಆರ್ ಇನ್ನೂ ಆಗಿಲ್ಲವೆಂದರೆ ತಡಮಾಡಬೇಡಿ. ದಿಂಬಿನ ಕೆಳಗೆ ತುರುಕಿಟ್ಟಿದ್ದೀಯಂತಲ್ಲ ಔಷಧಿ ಬಿಲ್ಲುಗಳು, ಅವುಗಳ ಜೆರಾಕ್ಸ್ ಮಾಡಿಸು. ಆ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗಿ, ಸಾಕ್ಷಿಕಟ್ಟೆಯಲ್ಲಿ ಬಿಳಿ ಚೀಟಿ ಹಿಡಿದು ನಿಲ್ಲಬೇಕಾಗುತ್ತದೆ.

ವಾರ್ಡಿನಲ್ಲಿ ಇನ್ನೊಬ್ಬನೂ ಬಂದಿದ್ದನಂತೆ, ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಪರ್ಸೆಂಟೇಜ್ ಕೊಡಿ ಅಂತ. ಬಂದ ಪರಿಹಾರದಲ್ಲಿ ವಕೀಲರು ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಪಕ್ಕದ ಮಂಚದ ಹೆಂಗಸಿಗೂ ಹೇಳು: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಪ್ರತಿ ಜಿಲ್ಲಾ ಕೇಂದ್ರದಲ್ಲೂ ಅದರ ಕಚೇರಿ ಇದೆ.

ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ಮಿತಿ 2022ರ ಏಪ್ರಿಲ್‌ನಿಂದ ಮತ್ತೆ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಅದನ್ನು ನಂಬಿಕೊಂಡು ಕೂರುವುದು ಬೇಡ. ನೀನು ವಾಸವಿರುವ ತುಮಕೂರಿನಲ್ಲೇ ಹಾಕಬಹುದು, ಕುಂಟುತ್ತಾ ಅಪಘಾತವಾದ ಚಿತ್ರದುರ್ಗಕ್ಕೆ ಅಲೆಯಬೇಕಾಗಿಲ್ಲ.

ಭಾನುವಾರ ಬರುತ್ತೇನೆ. ವಕಾಲತ್ತಿಗೆ ನೀನು ಸಹಿ ಹಾಕಿದರೆ ಸಾಕು, ಉಳಿದದ್ದು ನನಗೆ ಬಿಡು. ನಿನ್ನ ಡಿಎಲ್, ಆರ್‌ಸಿ, ಕಂಟ್ರಾಕ್ಟರ್ ಕೂಲಿ ಬರೆದುಕೊಡುವ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ತೆಗೆದಿಡಲು ಅಮ್ಮನಿಗೆ ಹೇಳು. ಮಾಲೀಕ ಮತ್ತೆ ಬಂದರೆ "ಅಕ್ಕ ಬರ್ತಾಳೆ, ಅವಳ ಹತ್ರ ಮಾತಾಡಿ" ಅನ್ನು.

ನಿನ್ನ ಅಕ್ಕ