ತಂಬಿಗೆಯೊಳಗಿನ ರೇಡಿಯೊ

ನಮ್ಮ ಮನೆಯಲ್ಲಿ ರೇಡಿಯೊ ಇರುವುದು ಒಂದು ಸ್ಟೀಲಿನ ತಂಬಿಗೆಯೊಳಗೆ. ಮೊಬೈಲನ್ನು ತಂಬಿಗೆಯಲ್ಲಿ ನಿಲ್ಲಿಸಿದರೆ ದನಿ ದೊಡ್ಡದಾಗುತ್ತದೆ ಎಂದು ಕಂಡುಕೊಂಡವಳು ಅವ್ವ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಲು ಆಕೆ ಒಪ್ಪಳು. “ಹಾಡು ಕೇಳೂದು ಕಳವು ಮಾಡ್ದಂಗ ಯಾಕ ಕೇಳಬೇಕು?” ಎನ್ನುತ್ತಾಳೆ.

ನಮ್ಮದು ಯಾಲಾಲ್, ತಾಂಡೂರಿನ ಮಗ್ಗುಲ ಊರು. ಹಾಸುಗಲ್ಲಿಗೆ, ತೊಗರಿಗೆ ಹೆಸರಾದ ಸೀಮೆ. ಕಾಸರಗೋಡಿನ ಓದುಗರಿಗೆ ನಮ್ಮ ಕಥೆಯನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. 1956ರ ನವೆಂಬರ್ 1ರಂದು ನೀವು ಕೇರಳಕ್ಕೆ ಹೋದಿರಿ. ಅದೇ ದಿನ ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಭಾಗಗಳೂ ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ನಾವು ತೆಲಂಗಾಣದವರು. ಕಾಗಿಣಾ ಹೊಳೆ ಮಾತ್ರ ಎಂದಿನಂತೆ ತಾಂಡೂರು ದಾಟಿ ಮಳಖೇಡದ ಕಡೆಗೇ ಹರಿಯುತ್ತದೆ. 1966ರಲ್ಲಿ ಶುರುವಾದ ಗುಲ್ಬರ್ಗ ಆಕಾಶವಾಣಿ ಹೊಳೆಗೆ ಎದುರಾಗಿ ನಮ್ಮ ಕಡೆ ಬರುತ್ತಿತ್ತು.

ನನ್ನ ಬಾಲ್ಯದಲ್ಲಿ ಅಪ್ಪ ಗೋಡೆಯ ಗೂಡಿನಲ್ಲಿ ರೇಡಿಯೊ ಇಟ್ಟಿದ್ದ. ಅದರ ಕಿವಿ ಹಿಂಡುವ ಅಧಿಕಾರ ಅಪ್ಪನೊಬ್ಬನದೇ. ರೈತರ ಕಾರ್ಯಕ್ರಮ ಬಂದರೂ ಕೇಳಬೇಕು, ಹವಾಮಾನ ಬಂದರೂ ಕೇಳಬೇಕು, ಚಿತ್ರಗೀತೆಗಾಗಿ ಕಾಯಬೇಕು. ಶಾಲೆಯಲ್ಲಿ ನಾನು ಕಲಿತದ್ದು ತೆಲುಗು. ಈಗ ಈ ನಾಲ್ಕು ಸಾಲು ಬರೆಯುತ್ತಿರುವ ಕನ್ನಡದಲ್ಲಿ ಅರ್ಧ ಅವ್ವನದು, ಅರ್ಧ ಆ ಗೂಡಿನದು. ನಾನದನ್ನು ಬೇಕೆಂದು ಕೇಳಿರಲಿಲ್ಲ. ಬೇಡವೆನ್ನಲು ದಾರಿಯಿರಲಿಲ್ಲ, ಅಷ್ಟೆ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ನಾನೂ ಮೊಬೈಲಿನಲ್ಲಿ ಒಂದು ಹಾಡಿನ ಆ್ಯಪ್ ಹಾಕಿಕೊಂಡೆ. ಕೇಳುಗನ ರುಚಿ ನೋಡಿ ಅವನೊಬ್ಬನಿಗೇ ನಡೆಸುವ ರೇಡಿಯೊ ಅದು. ಈ ವಿದ್ಯೆ ಹೊಸದೇನಲ್ಲ. ಅಮೆರಿಕದಲ್ಲಿ 2005ರಲ್ಲಿ ಬಂದ ಪಂಡೋರಾ ಎಂಬ ರೇಡಿಯೊ, ಸಂಗೀತ ಬಲ್ಲವರನ್ನು ಕೂರಿಸಿ ಒಂದೊಂದು ಹಾಡಿಗೂ ಲಯ, ವಾದ್ಯ, ಕಂಠ ಎಂದು ನೂರಾರು ಗುಣಗಳನ್ನು ಬರೆಸುತ್ತಿತ್ತಂತೆ. ಆಮೇಲಿನವು ಹೆಚ್ಚಾಗಿ ಕೇಳುಗರ ಬೆರಳನ್ನೇ ನಂಬಿದವು: ಯಾವ ಹಾಡನ್ನು ಪೂರ್ತಿ ಕೇಳಿದೆ, ಯಾವುದನ್ನು ದಾಟಿಸಿದೆ, ನಿನ್ನಂತೆ ಕೇಳುವ ಇನ್ನೊಬ್ಬ ಮತ್ತೇನು ಕೇಳಿದ.

ಆ್ಯಪ್ ಮೊದಲು ಕೇಳಿದ ಪ್ರಶ್ನೆ, ಯಾವ ಭಾಷೆ? ಕನ್ನಡ ಎಂದು ಗುರುತು ಹಾಕಿದೆ. ಆದರೂ ತೆಲಂಗಾಣದವನೆಂದು ಅದಕ್ಕೆ ಹೇಗೋ ವಾಸನೆ ಹತ್ತಿ ಒಂದು ವಾರ ತೆಲುಗು ಸುರಿಯಿತು. ಆಮೇಲೆ ದಾರಿಗೆ ಬಂತು. ಬೆಳಿಗ್ಗೆ ಅವ್ವ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಕಿಸುವಳು, ರಾತ್ರಿ ನಾನು ಪಿ.ಬಿ. ಶ್ರೀನಿವಾಸ್ ಕೇಳುವೆ, ನಡುವೆ ಮಗಳು ಫೋನು ಕಸಿದುಕೊಂಡು ಹೊಸ ತೆಲುಗು ಹಾಡು ಹಚ್ಚುವಳು. ಯಂತ್ರ ಮೂವರನ್ನೂ ಒಬ್ಬನೇ ಮನುಷ್ಯನೆಂದು ತಿಳಿದು, ತತ್ವಪದದ ಬೆನ್ನಿಗೇ ಕುಣಿಯುವ ಹಾಡು ಕೊಡುತ್ತಿತ್ತು. ಬ್ಯಾಂಕಿನಲ್ಲಿ ಇಂಥದಕ್ಕೆ ನಾವು ಜಾಯಿಂಟ್ ಅಕೌಂಟ್ ಮಾಡಿಕೊಡುತ್ತೇವೆ. ಆ್ಯಪಿನಲ್ಲಿ ಖಾತೆ ನನ್ನೊಬ್ಬನ ಹೆಸರಿನಲ್ಲಿ, ವ್ಯವಹಾರ ಮೂವರದು. ನನಗೆ ಆಗ ಸಿಟ್ಟು ಬರುತ್ತಿತ್ತು. ಕಾಕಿನಾಡದಲ್ಲಿ ಹುಟ್ಟಿದ ಶ್ರೀನಿವಾಸ್ ರಾಜಕುಮಾರರ ದನಿಯಾದುದನ್ನು ನೆನೆದಾದರೂ ಸುಮ್ಮನಿರಬಹುದಿತ್ತು.

ಮಗಳು ಕಾಲೇಜಿಗೆಂದು ಹೈದರಾಬಾದಿಗೆ ಹೋದಳು. ಅವಳಿಗೆ ಬೇರೆ ಫೋನು ಬಂತು. ತಿಂಗಳೊಳಗೆ ನನ್ನ ರೇಡಿಯೊ ಅಚ್ಚ ಕನ್ನಡವಾಯಿತು. ನಾನು ಬಯಸಿದ್ದೂ ಅದನ್ನೇ. ಒಂದು ದಿನ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದ ಅವ್ವ ತಂಬಿಗೆಯತ್ತ ನೋಡಿ, “ತಮ್ಮಾ, ಪೋರಿ ಹಾಡು ಯಾಕ ಬರಲ್ಲಾಗ್ಯಾವ? ಅಕಿ ಹೋದಳಂತ ಹಾಡೂ ಹೋಗಬೇಕೇನು?” ಎಂದಳು.

ದಸರೆಗೆ ಮಗಳು ಬಂದಾಗ ಅವಳ ಫೋನು ನೋಡಿದೆ. ತೆಲುಗು, ಹಿಂದಿ, ಇಂಗ್ಲಿಷಿಗೆ ಗುರುತಿತ್ತು. ಕನ್ನಡಕ್ಕಿಲ್ಲ. ಯಾಕವ್ವಾ ಎಂದರೆ, “ಅದು ಮನ್ಯಾಗ ಹೆಂಗೂ ಕೇಳಸ್ತದಲ್ಲ ಅಪ್ಪಾ” ಎಂದಳು. ಹುಡುಗಿಯ ಮಾತಿನಲ್ಲಿ ಕಪಟವಿರಲಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಹಾಸ್ಟೆಲಿನಲ್ಲಿರುವವಳಿಗೆ ಮನೆ ಎಲ್ಲಿ ಕೇಳಿಸುತ್ತದೆ?

ಹೇಳಿಕೊಳ್ಳಲು ನಾಚಿಕೆ. ಅವಳು ಮಲಗಿದ್ದಾಗ ನಾನೇ ಕನ್ನಡಕ್ಕೊಂದು ಗುರುತು ಹಾಕಿಟ್ಟೆ. ಮರುದಿನ ಒಂದು ಕನ್ನಡ ಹಾಡು ಬಂತು, ದಾಟಿಸಿದಳು. ಇನ್ನೊಂದು ಬಂತು, ಅದನ್ನೂ ದಾಟಿಸಿದಳು. ಎರಡು ದಿನದಲ್ಲಿ ಯಂತ್ರ ಅರ್ಥ ಮಾಡಿಕೊಂಡು ಕೊಡುವುದನ್ನೇ ಬಿಟ್ಟಿತು. ನಮ್ಮ ಕಾಲದಲ್ಲಿ ಹಾಡು ದಾಟಿಸಬೇಕಾದರೆ ಎದ್ದು ಗೂಡಿನ ತನಕ ಹೋಗಿ ಅಪ್ಪನ ಕಣ್ಣು ಎದುರಿಸಬೇಕಾಗಿತ್ತು. ಈ ಯಂತ್ರಕ್ಕೆ ಅಪ್ಪನ ಕಣ್ಣಿಲ್ಲ, ಕೇಳಿದವರಿಗೆ ಕೇಳಿದ್ದನ್ನೇ ಕೊಡುವ ಒಳ್ಳೆಯತನವಷ್ಟೇ ಇದೆ.

ಈಗ ಭಾನುವಾರ ನಾನು ಆ ಆ್ಯಪ್ ಮುಚ್ಚಿ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಕಲಬುರಗಿ ಆಕಾಶವಾಣಿ ಹಚ್ಚುತ್ತೇನೆ. ಗರಗರ ಸದ್ದಿಲ್ಲ, ಮಳೆ ಮೋಡದ ಕಾಟವಿಲ್ಲ. ಯಾರು ಹೊಲ ಮಾಡುತ್ತಾರೋ ಇಲ್ಲವೋ, ಬೆಳೆಗೆ ಬೀಳುವ ಕೀಡೆಯ ವಿಷಯ ಎಲ್ಲರೂ ಕೇಳುತ್ತೇವೆ. ಮಗಳು ಭಾನುವಾರ ತಪ್ಪದೆ ಫೋನು ಮಾಡುತ್ತಾಳೆ, ನನ್ನ ಮನೆಯಾಕೆಯ ಫೋನಿಗೆ. ಹೋದ ವಾರ ಹಬ್ಬದ ಮಾತು, ಊಟದ ಮಾತು ಮುಗಿದು ಫೋನು ಅವ್ವನ ಕೈಗೆ ಬಂದಿತ್ತು. ತಂಬಿಗೆಯಲ್ಲಿ ತತ್ವಪದ ನಡೆದಿತ್ತು. ಆ ಕಡೆಯಿಂದ ಮಗಳು, “ಆಯಿ, ಹಿಂದ ಕೇಳಸ್ತದಲ್ಲ, ಅದು ಯಾವ ಹಾಡು?” ಎಂದಳು.

ಅವ್ವ ಉತ್ತರ ಹೇಳಲಿಲ್ಲ. ಫೋನನ್ನು ಕಿವಿಯಿಂದ ತೆಗೆದು ತಂಬಿಗೆಯ ಬಾಯಿಗೆ ಹಿಡಿದಳು.