ಶೇಫರ್ ಟ್ರೇಲ್ ತುದಿಯಲ್ಲೊಂದು ‘ಗರ್ರ್’

ಸಾಲ್ಟ್ ಲೇಕ್ ಸಿಟಿಯ ನಮ್ಮ ಮನೆಯಿಂದ ಮೋಆಬ್‌ಗೆ ಸುಮಾರು ನಾಲ್ಕು ಗಂಟೆಯ ದಾರಿ. ಅದರಾಚೆ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಶೇಫರ್ ಟ್ರೇಲ್ ಇದೆ. ಕೆಂಪು ಬಂಡೆಗೋಡೆಗೆ ಅಂಟಿಕೊಂಡು 1,500 ಅಡಿ ಇಳಿಯುವ ಮಣ್ಣುರಸ್ತೆ. ಮೊದಲು ದನಗಳ ಕಾಲುದಾರಿ, 1950ರ ದಶಕದಲ್ಲಿ ಯುರೇನಿಯಂ ಲಾರಿಗಳ ದಾರಿ. ಎಂಟು ವರ್ಷದ ಮಗಳಿಗೆ ಇಲ್ಲಿ ಇಳಿಯೋಣವೆಂದು ಮಾತು ಕೊಟ್ಟಿದ್ದೆ.

ಇಳಿಜಾರಿಗೆ ಮುಂಚೆ ಗಾಡಿ ನಿಲ್ಲಿಸಿ ರಿವರ್ಸ್ ಗೇರ್ ಹಾಕಿದೆ. ಹಿಂದಿನ ಸೀಟಿನಿಂದ ಮಗಳು, “ಅಪ್ಪಾ, ಅಜ್ಜಿ ಮಿಕ್ಸಿ ಥರ ಗರ್ರ್ ಅಂತು!” ಎಂದಳು. ಅದಕ್ಕಿಂತ ಸರಿಯಾದ ವರದಿ ಇಲ್ಲ.

ಲ್ಯಾಬಿನ ರೂಢಿಯಂತೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದೆವು. ಎಂಜಿನ್ ಆಫ್ ಮಾಡಿ ಗೇರ್ ಹಾಕಿದರೆ ಎಲ್ಲವೂ ಸಲೀಸು. ಎಂಜಿನ್ ಆನ್ ಮಾಡಿ, ಕ್ಲಚ್ ಪೂರ್ತಿ ಒತ್ತಿದೆ. ಅವಳು ಒಂದರಿಂದ ಹತ್ತು ಎಣಿಸಿದಳು. ಆಮೇಲೆ ರಿವರ್ಸ್ ಹಾಕಿದರೂ ಗರ್ರ್. ಮೊದಲ ಗೇರೂ ಬಿಗಿ. ಒಂದೇ ಗೇರ್ ತಕರಾರು ಮಾಡಿದ್ದರೆ ಗೇರ್‌ಬಾಕ್ಸನ್ನು ಶಂಕಿಸುತ್ತಿದ್ದೆ. ಎಂಜಿನ್ ಮಾತ್ರ ಅರಚಿ ಗಾಡಿ ವೇಗ ಹಿಡಿಯದಿದ್ದರೆ ಕ್ಲಚ್ ಜಾರುತ್ತಿದೆ ಎನ್ನುತ್ತಿದ್ದೆ. ಇದು ಎರಡೂ ಅಲ್ಲ. ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನನ್ನು ಪೂರ್ತಿ ಬಿಡುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಕ್ಲಚ್ ದ್ರವದ ಡಬ್ಬಿ ಅರ್ಧ ಖಾಲಿ: ಎಲ್ಲೋ ಸೋರಿಕೆ.

ಡಬ್ಬಿಯ ಮುಚ್ಚಳದಲ್ಲಿ ಬರೆದಿದ್ದ ದರ್ಜೆಯ ಬ್ರೇಕ್ ದ್ರವವೇ ನಮ್ಮ ಬಳಿ ಇತ್ತು. ತುಂಬಿಸಿ ಪೆಡಲನ್ನು ಹಲವು ಸಲ ಒತ್ತಿದ ಮೇಲೆ ಸ್ವಲ್ಪ ಜೀವ ಬಂತು.

“ಈಗ ಇಳಿಯೋಣ್ವಾ?” ಎಂದಳು.

ಆ ಕಿರಿದಾದ ರಸ್ತೆಯಲ್ಲಿ ಎದುರು ಗಾಡಿ ಬಂದರೆ ಹಿಂದೆ ಸರಿದು ದಾರಿ ಬಿಡಬೇಕಾದೀತು. ನಮಗೆ ಕೈಕೊಟ್ಟಿದ್ದು ಅದೇ ರಿವರ್ಸ್. ಬೇಡ ಎಂದೆ. ಡಾಂಬರು ರಸ್ತೆಯಲ್ಲಿ ಮೋಆಬ್‌ವರೆಗೂ ಅವಳು ನನ್ನೊಡನೆ ಮಾತಾಡಲಿಲ್ಲ. ಮೆಕ್ಯಾನಿಕ್ ನೋಡಿದಾಗ ಕ್ಲಚ್‌ನ ಸ್ಲೇವ್ ಸಿಲಿಂಡರ್ ಸೋರುತ್ತಿತ್ತು.

ರಾತ್ರಿ ತುಮಕೂರಿನ ಅಜ್ಜಿಗೆ ವಿಡಿಯೋ ಕರೆಯಲ್ಲಿ ದೂರು ಹೋಯಿತು. “ಎಂಜಿನ್ ಆಫ್ ಮಾಡಿದ್ರೆ ಗರ್ರ್ ಅನ್ನಲ್ಲ ಅಜ್ಜಿ, ಆನ್ ಮಾಡಿದ್ರೆ ಅನ್ನತ್ತೆ. ಅಪ್ಪ ಪ್ರಾಮಿಸ್ ಬ್ರೇಕ್ ಮಾಡಿದ.”

ಭಾನುವಾರದ ಕನ್ನಡ ಪಾಠದಲ್ಲಿ ‘ಮಾಡಿದರೆ’ ಹೇಳಿಕೊಡಲು ನಾನು ಒದ್ದಾಡಿದ್ದೆ. ಸಿಟ್ಟಿನಲ್ಲಿ ಅದು ತಾನೇ ಎರಡು ಸಲ ಬಂತು. ‘ಪ್ರಾಮಿಸ್ ಬ್ರೇಕ್’ ಅನ್ನು ನಾನು ತಿದ್ದಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಹೋಗುತ್ತೇವೆ.