ಬಸರೀಕಟ್ಟೆಯ ಏರು, ಹಳೆಯ ಜೀಪಿನ ಜೋರು

ಕೊಪ್ಪದಿಂದ ಜಯಪುರ ಹಾದು ಬಸರೀಕಟ್ಟೆಯ ಕಡೆಗೆ ಹೊರಟ ಪ್ರಯಾಣಿಕನಿಗೆ ಒಂದು ಸಂಗತಿ ಬೇಗನೆ ಮನವರಿಕೆಯಾಗುತ್ತದೆ. ಇಲ್ಲಿ ರಸ್ತೆಯೆಂದರೆ ನೇರ ಗೆರೆಯಲ್ಲ. ಗುಡ್ಡ ಹೇಳಿದಂತೆ ಕೇಳುವ ಹಾದಿ. ಒಂದು ತಿರುವಿನಲ್ಲಿ ಕಾಫಿ ತೋಟ, ಇನ್ನೊಂದರಲ್ಲಿ ಕಣಿವೆಯ ತಳದ ಅಡಿಕೆ ತೋಟ, ಅದರಾಚೆ ಗದ್ದೆಯ ತುಂಡು, ಮತ್ತೆ ಕಾಡು. ಟಾರು ರಸ್ತೆಯಿಂದ ಕವಲೊಡೆದ ಮಣ್ಣಿನ ದಾರಿಗಳು ಒಂಟಿಮನೆಗಳತ್ತ ಇಳಿಯುತ್ತವೆ. ಬೇಸಿಗೆಯಲ್ಲಿ ಈ ದಾರಿಗಳು ಕೆಂಪು ಧೂಳು. ಜೂನ್ ಕಳೆದರೆ ಕೆಂಪು ಕೆಸರು. ಮಳೆ ಜೋರಾದ ದಿನ ದಾರಿ ಯಾವುದು, ಹಳ್ಳ ಯಾವುದು ಎಂದು ತಿಳಿಯುವುದೂ ಕಷ್ಟ!

ಇಂಥ ದಾರಿಯ ಕೊನೆಯ ಮನೆಯ ಕೊಟ್ಟಿಗೆಯಲ್ಲಿ, ಅಡಿಕೆ ಸುಲಿಯುವ ಜಾಗದ ಪಕ್ಕದಲ್ಲಿ, ಹಳೆಯ ಜೀಪೊಂದು ನಿಂತಿರುವುದು ಮಲೆನಾಡಿನಲ್ಲಿ ಅಪರೂಪದ ನೋಟವಲ್ಲ. ಬಣ್ಣ ಮಾಸಿದೆ, ಟಾರ್ಪಾಲಿಗೆ ತೇಪೆ ಬಿದ್ದಿದೆ. ಆದರೂ ಅದೇ ಮನೆಯವರು ಪೇಟೆಗೆ ಹೋಗಲು ಕೊಂಡ ಹೊಸ ಕಾರು, ಮಳೆಗಾಲದಲ್ಲಿ ಟಾರು ರಸ್ತೆಯ ಬದಿಯ ಶೆಡ್ಡಿನಲ್ಲಿಯೇ ಉಳಿಯಬೇಕಾದ ಪ್ರಸಂಗಗಳುಂಟು. ಅಲ್ಲಿಂದ ಮನೆಯವರೆಗೆ ಅಕ್ಕಿ ಮೂಟೆ, ಗೊಬ್ಬರದ ಚೀಲ, ಜ್ವರ ಬಂದ ಮಗು, ವಯಸ್ಸಾದ ಅಜ್ಜಿ, ಎಲ್ಲರಿಗೂ ಜೀಪೇ ಗತಿ.

ಈಗಿನ ತರುಣರಿಗೆ ಹಳೆಯ ವಾಹನಗಳ ಮೇಲೆ ಹುಟ್ಟಿರುವ ಮೋಹಕ್ಕೆ ಇಲ್ಲಿಯೇ ಅರ್ಥ ಹುಡುಕಬೇಕು. ಕೈಗೆಟಕುವ ಬೆಲೆಯ ಹಳೆಯ ಬಂಡಿ ಬರೀ ಚಂದದ ಗೊಂಬೆಯೋ, ಇಲ್ಲವೇ ಹೊಸ ಕಾರಿಗಿಲ್ಲದ ಗುಣವೇನಾದರೂ ಅದರಲ್ಲಿದೆಯೋ? ಪಿಯುಸಿ ಮುಗಿಸಿದ ಮಗ ಅಥವಾ ಮಗಳು ‘ಒಂದು ಹಳೆಯ ಜೀಪು ಕೊಡಿಸಿ’ ಎಂದು ಕೇಳಿದಾಗ ತಂದೆ ತಾಯಿ ಏನು ಹೇಳಬೇಕು?

ಯುದ್ಧಭೂಮಿಯಿಂದ ಕಾಫಿ ತೋಟಕ್ಕೆ

ಜೀಪಿನ ಕತೆ ಎರಡನೆಯ ಮಹಾಯುದ್ಧದಿಂದ ಆರಂಭವಾಗುತ್ತದೆ. ಕೆಸರು, ಮರಳು, ಬೆಟ್ಟ ಎಲ್ಲಿಯಾದರೂ ಓಡುವ ಹಗುರ ವಾಹನ ಬೇಕೆಂದು ಅಮೆರಿಕದ ಸೇನೆ ಕೇಳಿತು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದವು ಹರಾಜಿಗೆ ಬಂದವು. 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸುವ ಹಕ್ಕು ಮಹೀಂದ್ರ ಸಂಸ್ಥೆಗೆ ದೊರೆಯಿತು. ಮುಂದೆ ಬಿಡಿಭಾಗಗಳೂ ಇಲ್ಲಿಯೇ ತಯಾರಾದವು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ ನಿಂತುಹೋದ ಮೇಲೂ ಭಾರತದಲ್ಲಿ ದಶಕಗಳ ಕಾಲ ಹೊಸ ಹೊಸ ಹೆಸರುಗಳಲ್ಲಿ ಹೊರಬರುತ್ತಿತ್ತು. 1980ರ ದಶಕದಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ 540 ಬಂದಿತು. 2010ರಲ್ಲಿ ‘ಥಾರ್’ ಬರುವವರೆಗೂ ‘ಮೇಜರ್’ ಎಂಬ ಹೆಸರಿನಲ್ಲಿ ಅದೇ ವಂಶ ಮುಂದುವರಿಯಿತು.

ತೋಟದ ಊರುಗಳು ಜೀಪನ್ನು ಒಪ್ಪಿಕೊಂಡದ್ದಕ್ಕೆ ಕಾರಣ ಸರಳ. ಅದರ ಗೇರಿನ ಪಕ್ಕದಲ್ಲಿ ಇನ್ನೆರಡು ಪುಟ್ಟ ಕಡ್ಡಿಗಳಿರುತ್ತವೆ. ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುತ್ತದೆ. ಇನ್ನೊಂದನ್ನು ಬದಲಿಸಿದರೆ ವೇಗ ತಗ್ಗಿ, ಎಳೆಯುವ ಶಕ್ತಿ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ಇಳಿಜಾರಿನಲ್ಲಿಯೂ ಇದೇ ವರ. ಬ್ರೇಕು ಒತ್ತದೆ, ಎಂಜಿನ್ನಿನ ಹಿಡಿತದಲ್ಲಿಯೇ ಬಂಡಿ ನಿಧಾನವಾಗಿ ಇಳಿಯುತ್ತದೆ. ಆದರೆ ಒಣ ಟಾರು ರಸ್ತೆಯಲ್ಲಿ ನಾಲ್ಕೂ ಚಕ್ರ ಜೋಡಿಸಿ ಓಡಿಸಿದರೆ ಗೇರುಪೆಟ್ಟಿಗೆಗೆ ಪೆಟ್ಟು. ಇನ್ನೊಂದು ಮಾತು: ಜೀಪಿನ ಆಕಾರವಿದ್ದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುತ್ತವೆಂದು ತಿಳಿಯಬಾರದು. ಬಾಡಿಗೆಗೆ ಓಡಿದ ಎಷ್ಟೋ ಉದ್ದ ಜೀಪುಗಳಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಬಲ.

ಬಾನೆಟ್ಟು ಎತ್ತಿದರೆ ಪಾಠಶಾಲೆ

ಹಳೆಯ ಬಂಡಿಯ ನಿಜವಾದ ಆಕರ್ಷಣೆ ಬಾನೆಟ್ಟಿನ ಕೆಳಗಿದೆ. ಅಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಪೆಟ್ರೋಲು ಎಲ್ಲಿಂದ ಬಂತು, ಗಾಳಿ ಎಲ್ಲಿ ಬೆರೆಯಿತು, ಕಿಡಿ ಯಾವಾಗ ಹಾರಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಭೌತಶಾಸ್ತ್ರದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸನ್ನೆ, ಘರ್ಷಣೆ, ಆವಿ, ವಿದ್ಯುತ್ ಪ್ರೇರಣೆ, ಎಲ್ಲವೂ ಇಲ್ಲಿ ಗ್ರೀಸು ಮೆತ್ತಿಕೊಂಡು ಕುಳಿತಿವೆ.

ಮಳೆಯಲ್ಲಿ ಪೆಟ್ರೋಲ್ ಜೀಪು ಕೆಮ್ಮಿ ನಿಂತರೆ ಅನುಭವಿಗಳು ಮೊದಲು ನೋಡುವುದು ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು. ಒಳಗೆ ತೇವ ಸೇರಿದರೆ ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಬಂಡಿಗೆ ಮತ್ತೆ ಜೀವ ಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಗೊಡವೆಯೇ ಇಲ್ಲ. ಒತ್ತಡದಿಂದ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ. ಮಳೆನಾಡು ಡೀಸೆಲ್ ಜೀಪನ್ನು ಮೆಚ್ಚಿದ್ದರಲ್ಲಿ ಈ ಗುಣಕ್ಕೂ ಪಾಲಿದೆ. ಬೇಸಿಗೆಯ ಘಾಟಿಯಲ್ಲಿ ಅಂಬಾಸಿಡರ್ ಅಥವಾ ಫಿಯಟ್ ನಿಂತುಹೋದರೆ ಹಳೆಯ ಚಾಲಕರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಬಿಸಿಗೆ ಕೊಳವೆಯೊಳಗೆ ಪೆಟ್ರೋಲು ಆವಿಯಾಗಿ, ಆ ಆವಿ ದಾರಿಗೆ ಅಡ್ಡ ನಿಂತಿರುತ್ತಿತ್ತು. ತಂಪಾದರೆ ಮತ್ತೆ ದ್ರವ, ಮತ್ತೆ ಪಯಣ! ಹಳ್ಳ ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತ ಸ್ವಲ್ಪ ದೂರ ಓಡಿಸುವುದು ಇನ್ನೊಂದು ರೂಢಿ. ನೆನೆದ ಡ್ರಮ್ ಬ್ರೇಕು ಹಿಡಿಯುವುದಿಲ್ಲ. ಉಜ್ಜಿದ ಬಿಸಿಗೆ ಒಣಗಿದರೆ ಹಿಡಿಯುತ್ತದೆ.

ಮುಂದಿನಿಂದ ಹ್ಯಾಂಡಲು ತೂರಿಸಿ ತಿರುಗಿಸಿ ಎಂಜಿನ್ ಎಬ್ಬಿಸುವ ಕಾಲವೊಂದಿತ್ತು. ಅದರಲ್ಲಿಯೂ ಒಂದು ನಿಯಮ: ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬಾರದು, ಇತರ ಬೆರಳುಗಳ ಜತೆಯೇ ಇಡಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿಕೊಂಡ ಹೆಬ್ಬೆರಳು ಮುರಿದೀತು. ಯಂತ್ರವನ್ನು ಪ್ರೀತಿಸಬೇಕು, ಹಾಗೆಯೇ ಅದಕ್ಕೆ ಅಂಜಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಹೊಸ ಕಾರಿನಲ್ಲಿ ಈ ಸಲಿಗೆ ಇಲ್ಲ. ಅಲ್ಲಿ ಹತ್ತಾರು ಸಂವೇದಕಗಳು, ಅವುಗಳ ಮಾತು ಕೇಳುವ ಗಣಕ. ದೀಪವೊಂದು ಹೊತ್ತಿಕೊಂಡರೆ ಕಾರಣ ತಿಳಿಯಲು ಇನ್ನೊಂದು ಉಪಕರಣವೇ ಬೇಕು. ಪೇಟೆಯವರಿಗೆ ಇದು ತೊಡಕಲ್ಲ. ಆದರೆ ಗುಡ್ಡದ ತುದಿಯ ಮನೆಯಿಂದ ಕಾರನ್ನು ಕಟ್ಟಿ ಎಳೆದು ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಒಯ್ಯಬೇಕಾದಾಗ ‘ಆಧುನಿಕತೆ’ಯ ಇನ್ನೊಂದು ಮುಖ ಕಾಣುತ್ತದೆ.

ಬಸ್ಸು ನಿಂತ ಮೇಲೆ

ಈ ಭಾಗದಲ್ಲಿ ವಾಹನ ಎಂದರೆ ಶೋಕಿಯ ವಸ್ತುವಲ್ಲ ಎಂಬುದಕ್ಕೆ ಇತ್ತೀಚಿನ ಚರಿತ್ರೆಯೇ ಸಾಕ್ಷಿ. ಬಾಗಿಲು ಮುಚ್ಚಿದ ಖಾಸಗಿ ಸಾರಿಗೆ ಕಂಪನಿಯೊಂದರ ಕಾರ್ಮಿಕರು 1991ರಲ್ಲಿ ತಾವೇ ಒಡೆಯರಾಗಿ ಕೊಪ್ಪದಲ್ಲಿ ‘ಸಹಕಾರ ಸಾರಿಗೆ’ಯನ್ನು ಕಟ್ಟಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ಪಾಲುದಾರರು. ಬಸ್ಸು ಕಾಣದ ಹಳ್ಳಿಗಳಿಗೆ ಬಸ್ಸು ಬಂದಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಸಿಕ್ಕಿತು. ಸುಮಾರು ಮೂರು ದಶಕಗಳ ಕಾಲ ಓಡಿದ ಈ ಸಂಸ್ಥೆ ನಷ್ಟದ ಹೊರೆಯಿಂದ 2020ರಲ್ಲಿ ಸಂಚಾರ ನಿಲ್ಲಿಸಿತು.

ಬಸ್ಸಿನ ಹೊತ್ತು ತಪ್ಪಿದರೆ ಮಲೆನಾಡಿನ ಮಗುವಿಗೆ ತರಗತಿಯೇ ತಪ್ಪುತ್ತದೆ. ಅಂಥ ಕಡೆಗಳಲ್ಲಿ ಬಾಡಿಗೆ ಜೀಪು ಬಸ್ಸಿನ ಕೆಲಸ ಮಾಡುತ್ತ ಬಂದಿದೆ. ಪಾಟಿಚೀಲಗಳು ಬಾನೆಟ್ಟಿನ ಮೇಲೆ, ಮಕ್ಕಳು ಒಳಗೆ, ದೊಡ್ಡವರು ಹಿಂದಿನ ಮೆಟ್ಟಿಲ ಮೇಲೆ ಜೋತುಬಿದ್ದು ಸಾಗುವ ಚಿತ್ರ ಇಲ್ಲಿನವರಿಗೆ ಹೊಸದಲ್ಲ. ಆ ಚಿತ್ರದಲ್ಲಿ ಸೊಗಸಿದೆ, ಅಪಾಯವೂ ಇದೆ. ಅನಿವಾರ್ಯತೆಯನ್ನು ಸಾಹಸವೆಂದು ಹೊಗಳುವುದು ತರವಲ್ಲ.

ಹೊಸದಕ್ಕೂ ನ್ಯಾಯ ಸಲ್ಲಬೇಕು

ಹಳೆಯ ವಾಹನದ ಗುಣಗಾನ ಮಾಡುವವರು ಮರೆಯುವ ಸಂಗತಿಯೊಂದಿದೆ. ಹಳೆಯ ಜೀಪಿನಲ್ಲಿ ಗಾಳಿಚೀಲವಿಲ್ಲ, ಚಕ್ರ ಜಾರದಂತೆ ತಡೆಯುವ ಎಬಿಎಸ್ ಇಲ್ಲ. ಎಷ್ಟೋ ಜೀಪುಗಳಲ್ಲಿ ಸೀಟುಪಟ್ಟಿಯೂ ಇಲ್ಲ. ‘ಹಳೆಯ ಕಬ್ಬಿಣ ಗಟ್ಟಿ’ ಎಂಬ ಮಾತು ಅರ್ಧ ಸತ್ಯ. ಡಿಕ್ಕಿಯಾದಾಗ ಹೊಸ ಕಾರಿನ ಮುಂಭಾಗ ನುಜ್ಜುಗುಜ್ಜಾಗುವುದು ದುರ್ಬಲತೆಯಿಂದಲ್ಲ. ಪೆಟ್ಟನ್ನು ತಾನು ನುಂಗಿ ಒಳಗಿನವರನ್ನು ಉಳಿಸಲು ಹಾಗೆ ರೂಪಿಸಿರುತ್ತಾರೆ. ಬಗ್ಗದ ಚಾಸಿಸ್ ಆ ಪೆಟ್ಟನ್ನು ಪ್ರಯಾಣಿಕನ ಎದೆಗೆ ದಾಟಿಸುತ್ತದೆ. ಭಾರತದಲ್ಲಿ ಹೊಸ ಕಾರುಗಳಿಗೆ 2019ರಲ್ಲಿ ಎಬಿಎಸ್ ಮತ್ತು ಚಾಲಕನ ಗಾಳಿಚೀಲ ಕಡ್ಡಾಯವಾದವು. 2023ರ ಅಕ್ಟೋಬರಿನಿಂದ ‘ಭಾರತ್ ಎನ್‌ಕ್ಯಾಪ್’ ಹೆಸರಿನಲ್ಲಿ ಕಾರುಗಳನ್ನು ಡಿಕ್ಕಿ ಹೊಡೆಸಿ ಅಂಕ ಕೊಡುವ ಏರ್ಪಾಡೂ ಬಂದಿದೆ. ಹೊಗೆಯ ವಿಷಯದಲ್ಲಿಯೂ ಹೊಸದೇ ಮೇಲು.

ಇಂಧನವೂ ಬದಲಾಗಿದೆ. ಈಗ ಬಂಕುಗಳಲ್ಲಿ ಸಿಗುವ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು, ಅದಕ್ಕಾಗಿ ತಯಾರಾಗದ ಹಳೆಯ ರಬ್ಬರು ಕೊಳವೆ, ಸೀಲುಗಳನ್ನು ಹಾಳುಮಾಡಬಲ್ಲದು. ಎಥೆನಾಲಿಗೆ ತೇವ ಹೀರುವ ಗುಣವುಂಟು. ತಿಂಗಳುಗಟ್ಟಲೆ ನಿಂತ ಬಂಡಿಯ ಟ್ಯಾಂಕಿಗೆ ಮಲೆನಾಡಿನ ಹವೆಯಲ್ಲಿ ಇದು ಒಳ್ಳೆಯದಲ್ಲ. ಹಳೆಯ ಪೆಟ್ರೋಲ್ ವಾಹನ ಕೊಳ್ಳುವವರು ಕೊಳವೆಗಳನ್ನು ಬದಲಿಸುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊಳ್ಳುವ ಮುನ್ನ

ಹಾಗಾದರೆ ಅಗ್ಗದ ಹಳೆಯ ವಾಹನ ನಿಜಕ್ಕೂ ಅಗ್ಗವೇ? ಕೊಳ್ಳುವ ದಿನ ಅಗ್ಗ. ಮುಂದಿನದು ಬಂಡಿಯ ಸ್ಥಿತಿಯನ್ನೂ ಕಾಗದಪತ್ರವನ್ನೂ ಅವಲಂಬಿಸಿದೆ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10,000ಕ್ಕೆ ಏರಿತು. ಹಸಿರು ತೆರಿಗೆ, ವಿಮೆ ಬೇರೆ. 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ‘ವಿಂಟೇಜ್’ ನೋಂದಣಿ ಜಾರಿಗೆ ಬಂದಿದೆ. ಆದರೆ ಹಾಗೆ ನೋಂದಾಯಿಸಿದ ಬಂಡಿಯನ್ನು ಪ್ರದರ್ಶನ, ರ್‍ಯಾಲಿಗಳಂಥ ಸಂದರ್ಭಗಳಲ್ಲಿ ಮಾತ್ರ ರಸ್ತೆಗಿಳಿಸಬಹುದು; ದಿನವೂ ಕಾಲೇಜಿಗೆ ಓಡಿಸುವಂತಿಲ್ಲ.

ನೋಂದಣಿ ಪತ್ರದ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಬಂಡಿಯ ಮೇಲಿನವಕ್ಕೆ ತಾಳೆಯಾಗಬೇಕು. ಚಾಸಿಸ್ಸಿಗೆ ತುಕ್ಕು ಹಿಡಿದಿದೆಯೇ ಎಂದು ಕೆಳಗೆ ಮಲಗಿ ನೋಡಬೇಕು. ಮಲೆನಾಡಿನ ಮಳೆ ಮೊದಲು ತಿನ್ನುವುದು ಕಣ್ಣಿಗೆ ಕಾಣದ ಜಾಗವನ್ನು. ದೊಡ್ಡ ಟೈರು, ಕತ್ತರಿಸಿದ ಮೈ, ಬೇರೆ ಎಂಜಿನ್ ಹಾಕಿ ‘ಸ್ಟೈಲ್’ ಮಾಡಿದ ಜೀಪುಗಳ ಬಗೆಗೆ ಎಚ್ಚರ ಬೇಕು. ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ತಂದೆ ತಾಯಿ ನೆನಪಿಡಬೇಕಾದ ಇನ್ನೊಂದು ಕಾನೂನಿದೆ. 18 ತುಂಬದ ಮಗ ಅಥವಾ ಮಗಳು ರಸ್ತೆಯಲ್ಲಿ ವಾಹನ ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ಕಾದಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದವರಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ‘ತೋಟದ ರಸ್ತೆ ತಾನೆ’ ಎಂದು ಕೀಲಿಕೈ ಕೊಡುವ ಮುನ್ನ, ಆ ತೋಟದ ರಸ್ತೆ ಎಲ್ಲಿ ಮುಗಿದು ಊರ ರಸ್ತೆ ಎಲ್ಲಿ ಆರಂಭವಾಗುತ್ತದೆ ಎಂದು ಯೋಚಿಸುವುದು ಒಳ್ಳೆಯದು.

ಕೊಳ್ಳದೆಯೂ ಹಳೆಯ ವಾಹನಗಳನ್ನು ಸವಿಯಬಹುದು. ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿ ಇಳಿದು ಹೋದರೆ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವೇ ಇದೆ. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಶತಮಾನದ ಯಂತ್ರಚರಿತ್ರೆ ಒಂದೇ ಸೂರಿನಡಿ ಕಾಣುತ್ತದೆ.

ಈ ಸೀಮೆಯ ಜೀಪು ಬದುಕುಳಿದದ್ದು ಮಾತ್ರ ಸಂಗ್ರಹಾಲಯದ ಗಾಜಿನೊಳಗಲ್ಲ, ದುಡಿಮೆಯಲ್ಲಿ. ಕೆಟ್ಟರೆ ಮನೆಯವರೇ ರಿಪೇರಿ ಮಾಡಬಲ್ಲರು ಎಂಬುದೇ ಅದರ ದೀರ್ಘಾಯುಷ್ಯದ ಗುಟ್ಟು. ಹೊಸ ಕಾರು ಮನುಷ್ಯನನ್ನು ಕಾಪಾಡಲು ಕಲಿತಿದೆ. ಹಳೆಯದು ಮನುಷ್ಯನಿಗೆ ಯಂತ್ರವನ್ನು ಕಾಪಾಡುವುದನ್ನು ಕಲಿಸುತ್ತದೆ. ದೂರದ ಹೆದ್ದಾರಿಗೆ, ಮಕ್ಕಳ ನಿತ್ಯ ಪ್ರಯಾಣಕ್ಕೆ ಹೊಸದೋ ಬಸ್ಸೋ ಇರಲಿ. ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಜೀಪು ಇದ್ದರೆ ಗುಜರಿಗೆ ಹಾಕುವ ಮುನ್ನ ಒಂದು ಬೇಸಿಗೆ ರಜೆಯನ್ನು ಅದಕ್ಕೆ ಕೊಡಲಿ. ಸ್ಪ್ಯಾನರು ಮಕ್ಕಳ ಕೈಯಲ್ಲಿರಲಿ. ಕೀಲಿಕೈ, ಲೈಸೆನ್ಸ್ ಬರುವವರೆಗೆ, ಹಿರಿಯರ ಕಿಸೆಯಲ್ಲಿರಲಿ.